ಡಾಸ್‌ಬಾಕ್ಸ್‌ನಲ್ಲಿ ಪ್ರಿನ್ಸ್: ಮೂರು ವರ್ಷ ಆಡಿದ ಮೇಲೆ, ಮೊದಲು ಶಿಫ್ಟ್ ಕೀ ವಿಷಯ

ಹಳೇ ಡಾಸ್ ಆಟಗಳನ್ನು ಈಗಿನ ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್ ಡಾಸ್‌ಬಾಕ್ಸ್. ಅದರಲ್ಲಿ ನಾನು ಆಡುವ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಕತ್ತಿ ಬೀಸುವುದು ಶಿಫ್ಟ್ ಕೀಯಿಂದ. ಕಾವಲುಗಾರ ಎದುರಿಗೆ ಬಂದ. ನಾನು ಪಟಪಟ ಅಂತ ಶಿಫ್ಟ್ ಒತ್ತಿದೆ. ಐದನೇ ಸಲಕ್ಕೆ ಕುಂಯ್ ಅಂತ ಸದ್ದು, ಪರದೆ ಮೇಲೆ 'ಸ್ಟಿಕಿ ಕೀಸ್ ಬೇಕಾ' ಅಂತ ಕೇಳುವ ಬಿಳಿ ಡಬ್ಬಿ. ಎರಡು ಮೂರು ಕೀ ಒಟ್ಟಿಗೆ ಒತ್ತಲು ಆಗದವರಿಗೆ ಒಂದೊಂದಾಗಿ ಒತ್ತಲು ಬಿಡುವ ಸೌಲಭ್ಯ ಅದು. ಡಬ್ಬಿ ಮುಚ್ಚುವಷ್ಟರಲ್ಲಿ ರಾಜಕುಮಾರ ನೆಲಕ್ಕೆ ಬಿದ್ದಿದ್ದ.

ಮೊದಲ ವಾರವೇ ಡಾಸ್‌ಬಾಕ್ಸ್ ತೆಗೆದುಬಿಡೋಣ ಅನ್ನಿಸಿತ್ತು. ಆ ಡಬ್ಬಿ ಬಂದಾಗಲೂ ಹಿಂದೆ ಆಟ ಓಡುತ್ತಲೇ ಇರುತ್ತದೆ. ಇಡೀ ಪ್ರಿನ್ಸ್‌ಗೆ ಇರುವುದೇ 60 ನಿಮಿಷ. ಸತ್ತರೆ ಲೆವೆಲ್ ಮೊದಲಿಂದ ಆಡಬಹುದು, ಹೋದ ನಿಮಿಷ ಮಾತ್ರ ವಾಪಸ್ ಬರಲ್ಲ.

ಎರಡು ಕಡೆ ಸರಿ ಮಾಡಬೇಕು. ಕಂಪ್ಯೂಟರಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಸ್ಟಿಕಿ ಕೀಸ್ ಶಾರ್ಟ್‌ಕಟ್ ಆಫ್ ಮಾಡಿ. ಆಮೇಲೆ ಡಾಸ್‌ಬಾಕ್ಸ್‌ನ ಸೆಟ್ಟಿಂಗ್ಸ್ ಬರೆದಿರುವ ಕಾನ್ಫಿಗ್ ಫೈಲ್ ತೆರೆಯಿರಿ. 'ಪ್ರಯಾರಿಟಿ' ಸಾಲಿನ ಎರಡನೇ ಪದ 'ನಾರ್ಮಲ್' ಅಂತ ಇರುತ್ತದೆ, ಅದನ್ನು 'ಪಾಝ್' ಮಾಡಿ. ಬೇರೆ ವಿಂಡೋ ಎದುರಿಗೆ ಬಂದ ಕೂಡಲೇ ಆಟ ನಿಲ್ಲುತ್ತದೆ.

ಅದೇ ಫೈಲಿನಲ್ಲಿ 'ಆಸ್ಪೆಕ್ಟ್' ಅನ್ನುವುದನ್ನು 'ಟ್ರೂ' ಮಾಡಿ. ಆಟದ ಚಿತ್ರ 320x200. ಹಳೇ ಮಾನಿಟರ್ ಅದನ್ನು ಎತ್ತರಕ್ಕೆ ಎಳೆದು ತೋರಿಸುತ್ತಿತ್ತು. ಇದನ್ನು ಮಾಡದಿದ್ದರೆ ರಾಜಕುಮಾರ ಕುಳ್ಳಗೆ ಕಾಣುತ್ತಾನೆ. ಏನೋ ಸರಿಯಿಲ್ಲ ಅಂತ ತಿಂಗಳುಗಟ್ಟಲೆ ಅನ್ನಿಸುತ್ತಿತ್ತು, ಕಾರಣ ಹೊಳೆದಿರಲಿಲ್ಲ. ಸರಿಯಾದ ದಿನ ಅವನು ಓಡಿ, ಹಾರಿ, ಅಂಚು ಹಿಡಿದು ನೇತಾಡಿ, ಮೈ ಎಳೆದುಕೊಂಡು ಮೇಲೆ ಹತ್ತುವುದನ್ನು ಸುಮ್ನೆ ಹತ್ತು ಸಲ ನೋಡಿದೆ. ಈ ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೋ ಮಾಡಿಕೊಂಡು, ಒಂದೊಂದೇ ಫ್ರೇಮ್ ನೋಡಿ ಬರೆದ ಚಲನೆ ಅದು. ಆಟ ಬಂದದ್ದು 1989ರಲ್ಲಿ. ಅವನು ಓಡಿ ಬಂದು ನಿಲ್ಲುವಾಗ ಒಂದು ಹೆಜ್ಜೆ ಮುಂದೆ ಜಾರುತ್ತಾನಲ್ಲ, ಆ ಮೈಭಾರ ಈಗಲೂ ನನ್ನ ಕೈಗೆ ತಾಗುತ್ತದೆ.

ಡಾಸ್‌ಬಾಕ್ಸ್ ಪುಕ್ಕಟೆ. ನನ್ನದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಹೊಸ ಆಟಗಳು ಅದರಲ್ಲಿ ಓಡಲ್ಲ. ಇದಕ್ಕೆ ಅದೇ ಜಾಸ್ತಿ. ಆಟದ ಫೈಲುಗಳು ಡಾಸ್‌ಬಾಕ್ಸ್ ಜೊತೆ ಬರಲ್ಲ. ನಾನು ಅಣ್ಣನ ಹಳೇ ಫ್ಲಾಪಿಯಿಂದ ಇಳಿಸಿಕೊಂಡೆ.

ರಾತ್ರಿ ಊಟ ಆಗಿ, ಪಾತ್ರೆ ತೊಳೆದಿಟ್ಟು, ಒಂಬತ್ತೂವರೆಗೆ ಕೂರುತ್ತೇನೆ. ಕಪ್ಪು ಪರದೆ, ಮಿನುಗುವ ಗೆರೆ. ಮೌಂಟ್ ಸಿ, ಫೋಲ್ಡರ್ ಹೆಸರು, ಎಂಟರ್. ಸಿ ಕೋಲನ್, ಎಂಟರ್. ಸಿಡಿ ಪ್ರಿನ್ಸ್, ಎಂಟರ್. ಪ್ರಿನ್ಸ್, ಎಂಟರ್. ಈ ಸಾಲುಗಳನ್ನು ಕಾನ್ಫಿಗ್ ಫೈಲಿನ ಕೊನೆಯಲ್ಲಿ ಬರೆದಿಟ್ಟರೆ ಎಲ್ಲ ತಾನಾಗೇ ಆಗುತ್ತದೆ. ನಾನು ಬರೆದಿಟ್ಟಿಲ್ಲ. ಶಾಲೆಯಲ್ಲಿ ಲ್ಯಾಬಿನ ಹೊರಗೆ ಚಪ್ಪಲಿ ಬಿಟ್ಟು, ಒಂದು ಕಂಪ್ಯೂಟರಿಗೆ ಮೂವರು ಕೂರುತ್ತಿದ್ದೆವು. ಟೈಪ್ ಮಾಡಿದವರಿಗೆ ಮೊದಲ ಆಟ. ಆ ಸರದಿಗಾಗಿ ಎಷ್ಟು ಜಗಳ ಆಡಿದ್ದೇವೆ! ಈ ವರ್ಷದಿಂದ ಟೈಪ್ ಮಾಡುವುದು ಮಗಳು.

ನಾನು ಬಳಸುವ ಡಾಸ್‌ಬಾಕ್ಸ್ ಆವೃತ್ತಿ 0.74-3ರಲ್ಲಿ ಬೇಕಾದ ಕ್ಷಣದಲ್ಲಿ ಸೇವ್ ಮಾಡಲು ಆಗಲ್ಲ. ನನಗೆ ಇದೇ ಇಷ್ಟ. ಕುಸಿಯುವ ಪ್ರತಿ ಹಲಗೆ ಮುಂದೆಯೂ ಸೇವ್ ಮಾಡಿಕೊಂಡರೆ ಹಾರುವಾಗ ಎದೆ ಯಾಕೆ ಹೊಡೆದುಕೊಳ್ಳಬೇಕು, ಅಲ್ವಾ? ಆಟದ್ದೇ ಸೇವ್ ಇದೆ, ಮೂರನೇ ಲೆವೆಲ್‌ನಿಂದ ಕಂಟ್ರೋಲ್-ಜಿ. ಮತ್ತೆ ತೆರೆದರೆ ಆ ಲೆವೆಲ್ ಮೊದಲಿಂದಲೇ ಶುರು.

ಮೊನ್ನೆ ಆರನೇ ಲೆವೆಲ್‌ನ ದಪ್ಪ ಕಾವಲುಗಾರನ ಎದುರು ಮಗಳು ನಿಂತಳು. ಶಿಫ್ಟ್ ಎಷ್ಟು ಸಲ ಒತ್ತಿದಳೋ, ಒಂದು ಡಬ್ಬಿಯೂ ಬರಲಿಲ್ಲ. ಅವನು ಬಿದ್ದ. ಅವಳು ಮುಂದೆ ಓಡಿದಳು, ಬಾಗಿಲು ಮುಚ್ಚಿತು, ರಾಜಕುಮಾರ ಕೆಳಗೆ ಏಳನೇ ಲೆವೆಲ್‌ಗೆ ಬಿದ್ದ. ಸ್ಪೇಸ್ ಒತ್ತಿ ನೋಡಿದೆವು, ಇನ್ನೂ 34 ನಿಮಿಷ.

"ಅಮ್ಮಾ, ಬೇಗ ಕಂಟ್ರೋಲ್-ಜಿ ಒತ್ತು, ನನ್ನ ಕೈ ನಡುಗ್ತಿದೆ" ಅಂದಳು. ಒತ್ತಿದೆ.