ಹೊಸ ಬಾಡಿಗೆ ಕಾಯ್ದೆ ಹೆಸರಲ್ಲಿ ದುಡ್ಡು ಕೇಳ್ತಾರೆ, ಮನೆ ಮಾಲೀಕರು ಎಚ್ಚರ

ಮನೆ ಬಾಡಿಗೆಗೆ ಕೊಟ್ಟವರು ದಯವಿಟ್ಟು ಪೂರ್ತಿ ಓದಿ. ಮಾಲೀಕರ ಹಕ್ಕಿಗೆ ಹೋರಾಡ್ತೀವಿ ಅಂತ ಒಂದು ಸಂಘಟನೆ ನಮ್ಮಿಂದ ಮೊದಲು ಸದಸ್ಯತ್ವದ ದುಡ್ಡು ತಗೊಂಡಿತು. ಆಮೇಲೆ ‘ಹೋರಾಟ ನಿಧಿ’. ಆಮೇಲೆ ಬಾಡಿಗೆದಾರರಿಗೆ ಕಳಿಸೋ ನೋಟಿಸ್ ಬರೆದುಕೊಡೋದಕ್ಕೆ ಬೇರೆ. ಶಾಸಕರಿಗೆ ಮನವಿ ಕೊಟ್ಟ ಫೋಟೊ ನೋಡಿ ನಂಬಿದ್ದೇ ತಪ್ಪಾಯಿತು.

ಆ ನೋಟಿಸಲ್ಲಿ ಏನಿತ್ತು? 2021ರ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ಮನೆ ಬಿಡಿ, ಇಲ್ಲದಿದ್ದರೆ ಎರಡು ತಿಂಗಳು ದುಪ್ಪಟ್ಟು ಬಾಡಿಗೆ, ಆಮೇಲೆ ನಾಲ್ಕು ಪಟ್ಟು. ಬಾಡಿಗೆದಾರರ ವಕೀಲರು ಕೇಳಿದ್ದು ಒಂದೇ: ಅದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಕಳಿಸಿದ ಮಾದರಿ, ಇಲ್ಲಿನ ಶಾಸನಸಭೆ ಪಾಸು ಮಾಡಿದ ಕಾಯ್ದೆ ಯಾವುದು ತೋರಿಸಿ. ತೋರಿಸೋಕೆ ಏನೂ ಇರಲಿಲ್ಲ. ಕೈಯಲ್ಲಿ ನೋಟಿಸ್ ಹಿಡಿದು ತಲೆ ತಗ್ಗಿಸಬೇಕಾಯಿತು.

ಸಂಘಟನೆಯವರನ್ನು ಕೇಳಿದರೆ, “ಕಾಯ್ದೆಯ ಬಿಲ್ ಇನ್ನೇನು ಬರುತ್ತೆ ಸರ್.” ದುಡ್ಡು ವಾಪಸ್ ಕೊಡಿ ಅಂದರೆ, “ನಿಧಿಗೆ ಕೊಟ್ಟಿದ್ದು ದೇಣಿಗೆ, ವಾಪಸ್ ಬರಲ್ಲ.” ಕೊನೆಗೆ, “ಬೀಗ ಬದಲಿಸಿಬಿಡಿ, ನೀರು ನಿಲ್ಲಿಸಿ, ತಾವೇ ಹೋಗ್ತಾರೆ.” ಇದನ್ನಂತೂ ಯಾರೂ ಮಾಡಬೇಡಿ! ಬಲವಂತವಾಗಿ ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಬಾಡಿಗೆದಾರರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸ್ ಪಡೆಯಬಹುದು. ಮನೆ ನಿಮ್ಮದೇ ಅನ್ನೋದು ಅಲ್ಲಿ ಲೆಕ್ಕಕ್ಕೆ ಬರಲ್ಲ.

ಸರಿಯಾದ ದಾರಿ ಬೇರೆ ಇತ್ತು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸಲ್ಲ, ಉಳಿದ ಕಡೆ ಮಿತಿ 2,000. ಅಂದರೆ ಈಗಿನ ಬಹುತೇಕ ಮನೆಗಳು ಅದರ ಹೊರಗೇ. ಅವಕ್ಕೆ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಸೆಕ್ಷನ್: ತಿಂಗಳ ಬಾಡಿಗೆಯಾದರೆ, ಕರಾರಿನಲ್ಲಿ ಬೇರೆ ಅವಧಿ ಇಲ್ಲದಿದ್ದರೆ, ಲಿಖಿತವಾಗಿ, ಸಹಿ ಮಾಡಿ, 15 ದಿನದ ನೋಟಿಸ್. ಬಿಡದಿದ್ದರೆ ಸಿವಿಲ್ ದಾವೆ. ನೋಟಿಸ್ ಅವಧಿ ಮುಗಿದ ಮೇಲೆ ಬಾಡಿಗೆ ತಗೊಂಡರೆ ನೀವೇ ನೋಟಿಸ್ ಕೈಬಿಟ್ಟಿರಿ ಅಂತ ವಾದ ಬರುತ್ತೆ, ಮೊದಲೇ ವಕೀಲರನ್ನು ಕೇಳಿ. ಸಂಘಟನೆಯವರು ಇದರಲ್ಲಿ ಒಂದನ್ನೂ ಹೇಳಲಿಲ್ಲ, ಒಂದನ್ನೂ!

ಯಾವುದೇ ಸಂಘಕ್ಕೆ ದುಡ್ಡು ಕೊಡೋ ಮೊದಲು ನೋಂದಣಿ ಸಂಖ್ಯೆ, ಹಿಂದಿನ ವರ್ಷದ ಆಡಿಟ್ ಲೆಕ್ಕ, ಸಂಘದ ಹೆಸರಿನ ರಶೀದಿ ಕೇಳಿ. ಆ ಸಂಘಟನೆಯವರು ನಮಗೆ ಕೊಟ್ಟಿದ್ದು ಒಬ್ಬ ವ್ಯಕ್ತಿಯ ಸ್ವಂತ ಖಾತೆ ನಂಬರ್.