ಮಾನ್ವಿ ಕಡೆಯ ಡೆಂಗಿ ತಪಾಸಣೆ ಶಿಬಿರ: ಸೂಜಿ ಸರಿ, ಸಹಿ ಸರಿಯಿಲ್ಲ

ಈ ಶಿಬಿರದಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಪೂರ್ಣ ಅಂಕ ಕೊಡಬೇಕು. ಜ್ವರ ಬಂದು ಎಷ್ಟು ದಿನವಾಯಿತು ಎಂದು ಮೊದಲೇ ಕೇಳುತ್ತಾರೆ. 5 ದಿನದೊಳಗಿದ್ದರೆ ವೈರಸ್‌ನ ಪ್ರೋಟೀನ್ ಹುಡುಕುವ ಎನ್‌ಎಸ್‌1 ಪರೀಕ್ಷೆ, ದಾಟಿದ್ದರೆ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ಇದು ಅದಲುಬದಲಾದರೆ ಕಾಯಿಲೆ ಇದ್ದೂ ನೆಗೆಟಿವ್ ಬರಬಹುದು. ಮಾದರಿಗಳು 2ರಿಂದ 8 ಡಿಗ್ರಿಯ ಐಸ್‌ಪ್ಯಾಕ್ ಪೆಟ್ಟಿಗೆಯಲ್ಲೇ ಇದ್ದವು. ರಾಯಚೂರು ಜಿಲ್ಲೆಯ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ.

ಎಡವಿದ್ದು ಒಪ್ಪಿಗೆ ಪತ್ರದಲ್ಲಿ. ಒಂದೇ ಹಾಳೆ, ಒಂದೇ ಸಹಿ. ಮೇಲೆ ಪರೀಕ್ಷೆಯ ಮಾತು. ತೀರ ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ, ಉಳಿದ ರಕ್ತವನ್ನು ಸಂಶೋಧನೆಗೆ ಇಟ್ಟುಕೊಳ್ಳುವ ಸಾಲು. ರೋಗ ಹತೋಟಿಗೆ ಮಾಡುವ ಪರೀಕ್ಷೆ ಬೇರೆ, ಸಂಶೋಧನೆ ಬೇರೆ. ಎರಡನೆಯದಕ್ಕೆ, ಸಂಶೋಧನೆಯ ಸರಿತಪ್ಪು ಪರಿಶೀಲಿಸುವ ನೈತಿಕ ಸಮಿತಿಯ ಅನುಮೋದನೆ ಬೇಕು, ಜನರಿಂದ ಪ್ರತ್ಯೇಕ ಒಪ್ಪಿಗೆಯೂ ಬೇಕು. ಮೈ ಸುಡುವ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತ ತಾಯಿ, ಬೇಡವೆಂದರೆ ಪರೀಕ್ಷೆಯೇ ಸಿಗದೇನೋ ಎಂದು ಹೆಬ್ಬೆಟ್ಟು ಒತ್ತುತ್ತಾಳೆ. ಅದನ್ನು ಒಪ್ಪಿಗೆ ಎನ್ನಲಾಗದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಓದಲು ಬಾರದವರಿಗೆ ಓದಿ ಹೇಳಿ, ತಂಡಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಹೆಬ್ಬೆಟ್ಟು ಪಡೆಯಬೇಕು. ಇಲ್ಲಿ ರಕ್ತ ತೆಗೆದವರೇ ಸಾಕ್ಷಿ! ಸಂಶೋಧನೆಗೆ 7ರಿಂದ 12 ವರ್ಷದ ಮಕ್ಕಳ ಬಾಯಿಮಾತಿನ ಸಮ್ಮತಿಯನ್ನೂ ಕೇಳಬೇಕು, ಪಾಲಕರ ಒಪ್ಪಿಗೆಯ ಜೊತೆಗೆ. ಯಾರೂ ಕೇಳಲಿಲ್ಲ.

ಪಾಸಿಟಿವ್ ಬಂದವರ ಹೆಸರನ್ನು ಮೈಕಿನಲ್ಲಿ ಕೂಗಿದ್ದಂತೂ ತೀರ ತಪ್ಪು. ಚೀಟಿಯ ನಂಬರ್ ಕರೆದಿದ್ದರೆ ಸಾಕಿತ್ತು.

ಪರೀಕ್ಷೆಗೆ ಖಂಡಿತ ಹೋಗಿ. ಸಂಶೋಧನೆಯ ಸಾಲು ಒಪ್ಪದಿದ್ದರೆ ಅದನ್ನು ಹೊಡೆದುಹಾಕಿ ಸಹಿ ಮಾಡಿ, ಹಾಳೆಯ ಪ್ರತಿ ಕೇಳಿ ಪಡೆಯಿರಿ.