ಝಡ್/ವಿಎಂ ಕುಸಿತದ ಕೋಡ್‌ಗಳು ಮತ್ತು ವಿಎಂ ಡಂಪ್ ಟೂಲ್: ತುಮಕೂರಿನಿಂದ ಒಂದು ವಿಮರ್ಶೆ

ಐಬಿಎಂನ ದೊಡ್ಡ ಕಂಪ್ಯೂಟರ್‌ಗಳಾದ ಮೇನ್‌ಫ್ರೇಮ್‌ಗಳ ಮೇಲೆ ನಡೆಯುತ್ತ, ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಮಷಿನ್‌ಗಳನ್ನು ಓಡಿಸುವ ಝಡ್/ವಿಎಂ ವ್ಯವಸ್ಥೆ ಹಠಾತ್ತನೆ ಕುಸಿದಾಗ ಕಾರಣ ಹುಡುಕುವವನ ಕೈಯಲ್ಲಿ ಮುಖ್ಯವಾಗಿ ಎರಡು ಸಾಧನಗಳಿರುತ್ತವೆ. ಒಂದು, ‘ಸಿಪಿ ಮೆಸೇಜಸ್ ಅಂಡ್ ಕೋಡ್ಸ್’ ಎಂಬ ಕೈಪಿಡಿ. ಇನ್ನೊಂದು, ಕುಸಿದ ಕ್ಷಣದ ಸ್ಮೃತಿಯ ನಕಲನ್ನು, ಅಂದರೆ ಡಂಪನ್ನು, ಓದಲು ವ್ಯವಸ್ಥೆಯ ಜೊತೆಯಲ್ಲೇ ಬರುವ ವಿಎಂ ಡಂಪ್ ಟೂಲ್. ತುಮಕೂರಿನಲ್ಲಿ ಮನೆಯಿಂದಲೇ ದೂರದ ಮೇನ್‌ಫ್ರೇಮ್‌ಗಳನ್ನು ನೋಡಿಕೊಳ್ಳುವವರೂ, ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಕಚೇರಿಗೆ ಇದೇ ಕೆಲಸಕ್ಕಾಗಿ ಹೋಗಿಬರುವವರೂ ಇದ್ದಾರೆ. ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಬಂದು ಕೇಳುವ ಮೊದಲ ಪ್ರಶ್ನೆ, "ಸರ್, ಈ ಕೋಡ್ ಅಂದರೆ ಏನು?" ಎಂಬುದೇ ಆಗಿರುತ್ತದೆ. ಈ ವಿಮರ್ಶೆಯನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕುಸಿತ ಎಲ್ಲಿ ಗಮನಕ್ಕೆ ಬಂತು ಎಂಬುದನ್ನು ಕೈಪಿಡಿ ಚೆನ್ನಾಗಿ ಹೇಳುತ್ತದೆ. ಏಕೆ ಆಯಿತು ಎಂಬುದಕ್ಕೆ ಡಂಪ್ ತೆರೆಯದೆ ಗತಿಯಿಲ್ಲ.

ಕೋಡ್‌ನ ರಚನೆ ಸರಳವಾಗಿದೆ. ವ್ಯವಸ್ಥೆಯ ತಿರುಳಾದ ಸಿಪಿ, ಅಂದರೆ ಕಂಟ್ರೋಲ್ ಪ್ರೋಗ್ರಾಂ, ತಾನು ಮುಂದುವರಿಯಲಾರೆ ಎಂದು ತೀರ್ಮಾನಿಸಿದಾಗ ಕನ್ಸೋಲ್‌ನಲ್ಲಿ ಎಚ್‌ಸಿಪಿಡಿಎಂಪಿ908ಐ ಎಂಬ ಸಂದೇಶದೊಡನೆ ಆರು ಅಕ್ಷರಗಳ ಕೋಡ್ ಒಂದನ್ನು ತೋರಿಸುತ್ತದೆ. ಮೊದಲ ಮೂರು ಅಕ್ಷರಗಳು ಕೂಗು ಹಾಕಿದ ಮಾಡ್ಯೂಲ್‌ನ, ಅಂದರೆ ಸಿಪಿಯ ಆ ಭಾಗದ, ಗುರುತು, ಉಳಿದ ಮೂರು ಅಂಕಿಗಳು ಆ ಮಾಡ್ಯೂಲ್‌ನೊಳಗಿನ ಕಾರಣದ ಸಂಖ್ಯೆ. 1972ರಲ್ಲಿ ಪ್ರಕಟವಾದ, ಝಡ್/ವಿಎಂನ ಪೂರ್ವಜ ವಿಎಂ/370ರಲ್ಲಿಯೂ ಇದೇ ಪದ್ಧತಿಯಿತ್ತು. ಅಲ್ಲಿ ಮಾಡ್ಯೂಲ್‌ಗಳ ಪೂರ್ಣ ಹೆಸರು ಡಿಎಂಕೆ ಎಂದು ಆರಂಭವಾಗುತ್ತಿತ್ತು, ಈಗ ಎಚ್‌ಸಿಪಿ ಎಂದು ಆರಂಭವಾಗುತ್ತದೆ. ಇಷ್ಟು ಕಾಲ ಪದ್ಧತಿಯನ್ನು ಕೆಡಿಸದೆ ಉಳಿಸಿಕೊಂಡಿರುವುದಕ್ಕೆ ಪೂರ್ಣ ಅಂಕ ಕೊಡಲೇಬೇಕು.

ಎಲ್ಲರಿಗೂ ಬೇಗ ಪರಿಚಯವಾಗುವ ಪಿಆರ್‌ಜಿ004 ಅನ್ನು ತೆಗೆದುಕೊಳ್ಳೋಣ. ಪಿಆರ್‌ಜಿ ಎಂದರೆ ಪ್ರೋಗ್ರಾಂ ಇಂಟರಪ್ಟ್‌ಗಳನ್ನು, ಅಂದರೆ ಆಜ್ಞೆಯೊಂದು ತಪ್ಪಿದಾಗ ಪ್ರೊಸೆಸರ್ ಒಡ್ಡುವ ತಡೆಗಳನ್ನು, ನಿಭಾಯಿಸುವ ಮಾಡ್ಯೂಲ್. 4 ಎಂಬುದು ಪ್ರೊಸೆಸರ್ ವಿನ್ಯಾಸದಲ್ಲೇ ಇರುವ ಪ್ರೊಟೆಕ್ಷನ್ ಎಕ್ಸೆಪ್ಷನ್‌ನ ಸಂಖ್ಯೆ. ಹಾಗೆಯೇ 1 ಆಪರೇಷನ್, 5 ಅಡ್ರೆಸಿಂಗ್, 6 ಸ್ಪೆಸಿಫಿಕೇಷನ್. ಸಿಪಿಯ ಸ್ವಂತ ಪ್ರೋಗ್ರಾಂ ಎಲ್ಲೋ ಬರೆಯಬಾರದ ಜಾಗದಲ್ಲಿ ಬರೆಯಲು ಹೋಗಿ ಸಿಕ್ಕಿಬಿದ್ದಿದೆ ಎಂದು ಇದರಿಂದ ತಿಳಿಯುತ್ತದೆ. ಕೈಪಿಡಿ ಇಷ್ಟನ್ನು ಸ್ಪಷ್ಟವಾಗಿ ಹೇಳಿ, ಮುಂದಿನ ಹೆಜ್ಜೆಗೆ ಬಂದಾಗ ಬಹುಪಾಲು ಕೋಡ್‌ಗಳಿಗೆ ಒಂದೇ ಸಾಲನ್ನು ಕೊಡುತ್ತದೆ: ಡಂಪ್ ಉಳಿಸಿಕೊಂಡು ಬೆಂಬಲ ಕೇಂದ್ರಕ್ಕೆ ವರದಿ ಮಾಡಿ. ತಪ್ಪು ಸಲಹೆಯೇನಲ್ಲ, ಆದರೆ ನಡುರಾತ್ರಿಯ ಪಾಳಿಯಲ್ಲಿ ಒಬ್ಬನೇ ಕುಳಿತವನಿಗೆ ಅದು ಸಾಲದು.

ಆ ಮುಂದಿನ ಹೆಜ್ಜೆ ಹೀಗಿರುತ್ತದೆ. ಈ ಮೇನ್‌ಫ್ರೇಮ್‌ಗಳ ಪ್ರೊಸೆಸರ್ ವಿನ್ಯಾಸವಾದ ಝಡ್ ಆರ್ಕಿಟೆಕ್ಚರ್‌ನಲ್ಲಿ ಪ್ರತಿ ಪ್ರೊಸೆಸರ್‌ಗೂ ಸ್ಮೃತಿಯಲ್ಲಿ ತನ್ನದೇ ಆದ ಒಂದು ಪ್ರಿಫಿಕ್ಸ್ ಪ್ರದೇಶವಿದ್ದು, ಪ್ರೋಗ್ರಾಂ ಇಂಟರಪ್ಟ್ ಆದಾಗ ಕಾರಣದ ಸಂಖ್ಯೆ ಅದರ ಹೆಕ್ಸ್ (ಹದಿನಾರರ ಎಣಿಕೆಯ) 8ಇ ವಿಳಾಸದಲ್ಲಿಯೂ, ಆ ಕ್ಷಣದ ಪಿಎಸ್‌ಡಬ್ಲ್ಯು (ಪ್ರೊಸೆಸರ್‌ನ ಸ್ಥಿತಿ ಮತ್ತು ಮುಂದಿನ ಆಜ್ಞೆಯ ವಿಳಾಸ) ಹೆಕ್ಸ್ 150ರಿಂದ ಹದಿನಾರು ಬೈಟ್‌ಗಳಲ್ಲಿಯೂ ದಾಖಲಾಗುತ್ತದೆ. ಪ್ರೊಟೆಕ್ಷನ್ ಎಕ್ಸೆಪ್ಷನ್‌ನಲ್ಲಿ ಪಿಎಸ್‌ಡಬ್ಲ್ಯುವಿನ ವಿಳಾಸ ಸಾಮಾನ್ಯವಾಗಿ ತಪ್ಪು ಮಾಡಿದ ಆಜ್ಞೆಯ ಮುಂದಿನ ಆಜ್ಞೆಯನ್ನು ತೋರಿಸುವುದರಿಂದ, ಆಜ್ಞೆಯ ಉದ್ದವನ್ನು, ಅಂದರೆ 2, 4 ಅಥವಾ 6 ಬೈಟ್‌ಗಳನ್ನು, ಅದರಿಂದ ಕಳೆದರೆ ಮಾತ್ರ ನಿಜವಾದ ಆಜ್ಞೆ ಸಿಗುತ್ತದೆ. ಆ ಆಜ್ಞೆ ಬಳಸಿದ, ವಿಳಾಸ ಹಿಡಿದಿಡುವ ಬೇಸ್ ರಿಜಿಸ್ಟರ್‌ನಲ್ಲಿ ಬರೀ ಸೊನ್ನೆ ಕಂಡರೆ ಅರ್ಧ ಕಥೆ ತಿಳಿದಂತೆ: ತುಂಬಿರಬೇಕಾಗಿದ್ದ ಪಾಯಿಂಟರ್ ಖಾಲಿಯಾಗಿದೆ, ಬರವಣಿಗೆ ಸ್ಮೃತಿಯ ಬುಡಕ್ಕೇ ಹೋಗಿದೆ. ಲೋ-ಅಡ್ರೆಸ್ ಪ್ರೊಟೆಕ್ಷನ್ ಜಾರಿಯಲ್ಲಿದ್ದರೆ 0ಯಿಂದ 511ರವರೆಗಿನ ಬೈಟ್‌ಗಳನ್ನು ಯಂತ್ರವೇ ಕಾಯುತ್ತದೆ. ಇನ್ನುಳಿದ ಅರ್ಧಕ್ಕೆ ಸಿಪಿಯ ರೂಢಿಗಳು ನೆರವಾಗುತ್ತವೆ. ರಿಜಿಸ್ಟರ್ 11 ಯಾವ ವರ್ಚುವಲ್ ಮಷಿನ್‌ನ ಪರವಾಗಿ ಕೆಲಸ ನಡೆಯುತ್ತಿತ್ತೋ ಅದರ ವಿಎಂಡಿಬಿಕೆಯನ್ನು, ಅಂದರೆ ಆ ಮಷಿನ್‌ನ ವಿವರಗಳಿರುವ ಬ್ಲಾಕನ್ನು, ತೋರಿಸುತ್ತದೆ; 12 ಮಾಡ್ಯೂಲ್‌ನ ಬೇಸ್; 13 ಕರೆದವರ ರಿಜಿಸ್ಟರ್‌ಗಳನ್ನು ಉಳಿಸಿಟ್ಟ ಸೇವ್ ಏರಿಯಾ. ಈ 13ನ್ನು ಹಿಡಿದು ಹಿಂದಕ್ಕೆ ನಡೆದರೆ ಯಾರು ಯಾರನ್ನು ಕರೆದರು ಎಂಬ ಸರಪಳಿ ಬಿಚ್ಚಿಕೊಳ್ಳುತ್ತದೆ.

ಎಫ್‌ಆರ್‌ಇ ಎಂದು ಆರಂಭವಾಗುವ ಕೋಡ್‌ಗಳ ವಿಷಯವೇ ಬೇರೆ. ಇದು ಸಿಪಿಯ ಫ್ರೀ ಸ್ಟೋರೇಜನ್ನು, ಅಂದರೆ ಬೇಕಾದಾಗ ತುಂಡು ತುಂಡಾಗಿ ಹಂಚುವ ಸ್ಮೃತಿಯನ್ನು, ನಿರ್ವಹಿಸುವ ಮಾಡ್ಯೂಲ್; ಯಾರೋ ಸ್ಮೃತಿಯ ತುಂಡೊಂದನ್ನು ಹಿಂದಿರುಗಿಸುವಾಗ ಲೆಕ್ಕ ಸರಿಹೊಂದದಿದ್ದರೆ ಇದು ಕೂಗುತ್ತದೆ. ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಚೀಲ ಎಣಿಸುವ ಗುಮಾಸ್ತ ಹರಿದ ಚೀಲವೊಂದನ್ನು ಕಂಡು ಕೂಗಿದನೆಂದು ಅವನನ್ನೇ ಹಿಡಿದು ಕೂರಿಸಿದರೆ ಹೇಗಿರುತ್ತದೋ, ಎಫ್‌ಆರ್‌ಇ ಕೋಡ್ ನೋಡಿ ಆ ಮಾಡ್ಯೂಲ್ ಅನ್ನು ದೂರುವುದೂ ಹಾಗೆಯೇ. ಹಾನಿ ಮಾಡಿದವನು ಎಂದೋ ಹೊರಟುಹೋಗಿರುತ್ತಾನೆ. ಇಂಥ ಕಡೆ ಕೈಪಿಡಿಯ ವಿವರಣೆ ಎಷ್ಟು ಕರಾರುವಾಕ್ಕಾಗಿದ್ದರೂ ಓದುಗನಿಗೆ ದಾರಿ ತಪ್ಪುವ ಸಂಭವ ಹೆಚ್ಚು. ಪಕ್ಕದ ತುಂಡಿನಲ್ಲಿ ಏನಿದೆ, ಅದರ ಒಡೆಯ ಯಾರು ಎಂದು ಡಂಪಿನಲ್ಲೇ ನೋಡಬೇಕು.

ಡಂಪ್ ಮೊದಲು ಸ್ಪೂಲ್ ಎಂಬ ತಾತ್ಕಾಲಿಕ ಡಿಸ್ಕ್ ಜಾಗದಲ್ಲಿ ಕೂತು, ಸಾಮಾನ್ಯವಾಗಿ ಒಪಿಇಆರ್‌ಎಟಿಎನ್‌ಎಸ್ ಎಂಬ ಯೂಸರ್‌ನ ರೀಡರ್‌ಗೆ, ಅಂದರೆ ಬಂದ ಫೈಲ್‌ಗಳ ಸಾಲಿಗೆ, ಬರುತ್ತದೆ. ಡಂಪ್‌ಎಲ್‌ಡಿ2 ಆಜ್ಞೆಯಿಂದ ಅದನ್ನು, ಝಡ್/ವಿಎಂನಲ್ಲಿ ಬಳಕೆದಾರರು ಕೆಲಸ ಮಾಡುವ ಪರಿಸರವಾದ ಸಿಎಂಎಸ್‌ನ ಫೈಲ್ ಆಗಿ ಇಳಿಸಿಕೊಳ್ಳಬೇಕು. ಆಮೇಲೆ ವಿಎಂಡಂಪ್‌ಟಿಎಲ್ ಎಂದು ಕರೆದರೆ ಟೂಲ್ ತೆರೆದುಕೊಳ್ಳುತ್ತದೆ. ಟೂಲ್ ನಡೆಯುವುದು ಎಕ್ಸ್‌ಎಡಿಟ್ ಎಡಿಟರ್‌ನ ಒಳಗೆ. ಕಿಟಕಿ, ಮೌಸ್ ಬಳಸಿ ಬೆಳೆದ ಹುಡುಗರು ಮೊದಲ ನೋಟಕ್ಕೆ ಮುಖ ಸಿಂಡರಿಸುತ್ತಾರೆ, ಆದರೆ ಇದೇ ಇದರ ದೊಡ್ಡ ಅನುಕೂಲ: ಕೇಳಿದ ಪ್ರತಿ ಪ್ರಶ್ನೆಯೂ ಬಂದ ಪ್ರತಿ ಉತ್ತರವೂ ಒಂದರ ಕೆಳಗೊಂದು ಪಠ್ಯವಾಗಿ ಉಳಿಯುವುದರಿಂದ ಹಿಂದಕ್ಕೆ ಸರಿದು ಓದಬಹುದು, ಹುಡುಕಬಹುದು, ಮತ್ತೆ ಮತ್ತೆ ಮಾಡುವ ಕೆಲಸಕ್ಕೆ ರೆಕ್ಸ್ ಭಾಷೆಯಲ್ಲಿ ಮ್ಯಾಕ್ರೋ ಬರೆದುಕೊಳ್ಳಬಹುದು. ಟ್ರೇಸ್ ಆಜ್ಞೆಯನ್ನಂತೂ ಎಷ್ಟು ಹೊಗಳಿದರೂ ಕಡಿಮೆ. ಪ್ರತಿ ಪ್ರೊಸೆಸರ್‌ನ ಟ್ರೇಸ್ ಟೇಬಲ್‌ನಲ್ಲಿ ಕುಸಿತಕ್ಕೆ ಮುಂಚಿನ ಘಟನೆಗಳು ದಾಖಲಾಗಿರುತ್ತವೆ. ಅವುಗಳನ್ನು ಕಾಲಕ್ರಮದಲ್ಲಿ ಹೆಣೆದು ಓದಿದಾಗ ಎಫ್‌ಆರ್‌ಇಯಂಥ ಕೋಡ್‌ಗಳ ಹಿಂದಿನ ನಡೆ ಹೊಳೆಯಲು ಶುರುವಾಗುತ್ತದೆ. ಟೇಬಲ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವುದರಿಂದ, ಬಹಳ ಹಿಂದಿನ ಹಾನಿ ಅಲ್ಲಿ ಸಿಗದೆ ಹೋಗಬಹುದು ಎಂಬುದು ಮಾತ್ರ ನೆನಪಿರಲಿ.

ಕರೆಂಟ್ ಹೋಗಿ ಇಂಟರ್‌ನೆಟ್ ಕಡಿದಾಗ ಏನು ಗತಿ ಎಂದು ನಮ್ಮೂರಿನವರು ಕೇಳುವುದು ಸಹಜ. ಟರ್ಮಿನಲ್ ಸಂಪರ್ಕ ತಪ್ಪಿದರೆ ಸಿಪಿ ಆ ಯೂಸರ್‌ನನ್ನು ಡಿಸ್‌ಕನೆಕ್ಟ್ ಸ್ಥಿತಿಯಲ್ಲಿ ಇರಿಸುತ್ತದೆ. ವ್ಯವಸ್ಥೆಯ ಸಂರಚನೆಯಲ್ಲಿ ಬದಲಾಯಿಸದಿದ್ದರೆ ಅದಕ್ಕೆ 15 ನಿಮಿಷದ ಅವಕಾಶ. ಅಷ್ಟರೊಳಗೆ ಮತ್ತೆ ಲಾಗಾನ್ ಆಗಿ ಬಿಗಿನ್ ಎಂದು ಟೈಪಿಸಿದರೆ ಕೆಲಸ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಯುಪಿಎಸ್ ಇಲ್ಲದ ಮನೆಗಳಿಗೆ ಇದು ಸಣ್ಣ ಉಪಕಾರವಲ್ಲ.

ಯಾವ ಕುಸಿತ ಯಾರದ್ದು ಎಂಬ ಗೊಂದಲವನ್ನು ಬಿಡಿಸುವುದರಲ್ಲಿ ಈ ಎರಡೂ ಸಾಧನಗಳು ಇನ್ನಷ್ಟು ಶ್ರಮ ವಹಿಸಬಹುದಿತ್ತು. ಎಚ್‌ಸಿಪಿಜಿಐಆರ್450ಡಬ್ಲ್ಯು ಎಂಬ ಸಂದೇಶ ಬಂದರೆ ವರ್ಚುವಲ್ ಮಷಿನ್‌ನೊಳಗೆ ಓಡುವ ಅತಿಥಿ ವ್ಯವಸ್ಥೆ, ಉದಾಹರಣೆಗೆ ಒಂದು ಲಿನಕ್ಸ್, ತಾನೇ ಯಾವುದಕ್ಕೂ ಸ್ಪಂದಿಸದ ಡಿಸೇಬಲ್ಡ್ ವೇಟ್ ಸ್ಥಿತಿಗೆ ಹೋಗಿದೆ ಎಂದರ್ಥ. ಸಿಪಿ ಆಗ ಆರೋಗ್ಯವಾಗಿಯೇ ಇರುತ್ತದೆ, ಪಕ್ಕದ ಅತಿಥಿಗಳೂ ಓಡುತ್ತಿರುತ್ತವೆ. ಇದಕ್ಕೆ ಬೇಕಾದದ್ದು ವಿಎಂಡಂಪ್ ಆಜ್ಞೆಯಿಂದ ತೆಗೆದ ಅತಿಥಿಯ ಡಂಪ್. ಸಿಪಿಯದೇ ಕುಸಿತದಲ್ಲಿಯೂ ಸಾಫ್ಟ್ ಅಬೆಂಡ್ (ಅಬೆಂಡ್ ಎಂದರೆ ಅಸಹಜ ನಿಲುಗಡೆ) ಆದರೆ ಡಂಪ್ ತೆಗೆದು ವ್ಯವಸ್ಥೆ ಮುಂದುವರಿಯುತ್ತದೆ, ಹಾರ್ಡ್ ಅಬೆಂಡ್ ಆದರೆ ಎಲ್ಲ ಅತಿಥಿಗಳನ್ನೂ ಕೆಳಗಿಳಿಸಿ ಮತ್ತೆ ಆರಂಭಿಸಬೇಕಾಗುತ್ತದೆ. ಪಿಎಸ್‌ಎ002 ಕಂಡು ಗಾಬರಿಯಾಗುವವರಿಗೆ ಒಂದು ಮಾತು: ಆಪರೇಟರ್ ಬೇಕೆಂದೇ ರೀಸ್ಟಾರ್ಟ್ ಒತ್ತಿ ಡಂಪ್ ತೆಗೆಸಿದಾಗ ಬರುವ ಕೋಡ್ ಅದು.

ಝಡ್/ವಿಎಂ ಪರವಾನಗಿ ಕಚೇರಿಗಳ ಸೊತ್ತು. ಮನೆಯಲ್ಲಿ ಕಲಿಯುವವರಿಗೆ ಟೂಲ್ ಸಿಗುವುದಿಲ್ಲ ಎಂಬುದು ಇದರ ದೊಡ್ಡ ಮಿತಿ. ಮೇನ್‌ಫ್ರೇಮ್ ಅನ್ನು ಅನುಕರಿಸುವ ಹರ್ಕ್ಯುಲಿಸ್ ಎಮ್ಯುಲೇಟರ್ ಹಾಕಿಕೊಂಡು ಹಳೆಯ ವಿಎಂ/370ರ ಮೇಲೆ ಅಭ್ಯಾಸ ಮಾಡಿದರೆ ಕೋಡ್ ಓದುವ ರೀತಿ, ರಿಜಿಸ್ಟರ್ ಮತ್ತು ಪಿಎಸ್‌ಡಬ್ಲ್ಯು ಹಿಡಿಯುವ ಕ್ರಮ ಕೈಗೆ ಹತ್ತುತ್ತದೆ, ಆದರೆ ಅಲ್ಲಿನ ಪಿಎಸ್‌ಡಬ್ಲ್ಯು ಎಂಟೇ ಬೈಟ್‌ಗಳದ್ದು, ವಿಳಾಸಗಳೂ ಬೇರೆ. ಅಸೆಂಬ್ಲರ್ ಭಾಷೆಯ ಗಂಧವಿಲ್ಲದವರಿಗೆ ನಾನು ಈ ಟೂಲ್ ಅನ್ನು ಶಿಫಾರಸು ಮಾಡುವುದಿಲ್ಲ. ಅವರು ಕೋಡ್, ಕುಸಿದ ಮಾಡ್ಯೂಲ್, ಕ್ವೆರಿ ಸಿಪಿಲೆವೆಲ್ ತೋರಿಸುವ ಸರ್ವಿಸ್ ಮಟ್ಟ ಇವಿಷ್ಟನ್ನು ಬರೆದುಕೊಂಡು ಎಪಿಎಆರ್ ಪಟ್ಟಿಯಲ್ಲಿ, ಅಂದರೆ ಐಬಿಎಂ ದಾಖಲಿಸಿದ ದೋಷಗಳ ಪಟ್ಟಿಯಲ್ಲಿ, ಹುಡುಕಲಿ. ಗೊತ್ತಿರುವ ದೋಷವಾಗಿದ್ದರೆ ವಿಎಂ ಎಂದು ಆರಂಭವಾಗುವ ಎಪಿಎಆರ್ ಸಂಖ್ಯೆಯೂ ಅದರ ಪರಿಹಾರವಾದ ಪಿಟಿಎಫ್ ಸಂಖ್ಯೆಯೂ ಅಲ್ಲೇ ಸಿಗುತ್ತವೆ, ಡಂಪ್ ತೆರೆಯುವ ಪ್ರಮೇಯವೇ ಬರುವುದಿಲ್ಲ.